ಸೆರಗಿನಡಿಯ ಐದು ಬೆರಳು

ಸೀರೆ ಮಾರುವವಳು ಗಿರಾಕಿಯ ಮೊದಲ ಮಾತಿಗೆ ಒಪ್ಪಬಾರದು. ಒಪ್ಪಿಬಿಟ್ಟರೆ ಕೊಂಡವಳಿಗೆ ಸಮಾಧಾನವಿರುವುದಿಲ್ಲ. ಇನ್ನೂ ಇಳಿಸಬಹುದಿತ್ತೇನೋ ಎಂದು ಒಳಗೊಳಗೇ ಕುದಿಯುತ್ತಾಳೆ, ಮುಂದಿನ ಸಲ ನನ್ನ ಗಂಟು ಕಂಡರೆ ಬಾಗಿಲು ಮುಂದೆ ಮಾಡುತ್ತಾಳೆ. ಅದಕ್ಕೇ ನಾನು ಮನಸ್ಸಿನಲ್ಲಿ ಇಟ್ಟುಕೊಂಡ ಬೆಲೆಯನ್ನೇ ಅವಳು ಕೇಳಿದರೂ, "ಅಯ್ಯ, ನನಗ ಬಿದ್ದದ್ದ ಅದಕ್ಕಿಂತ ಜಾಸ್ತಿ ಐತಿ" ಎಂದು ಒಂದು ಸುತ್ತು ಎಳೆದಾಡಿಯೇ ಕೊಡುತ್ತಿದ್ದೆ. ಗೋಕಾಕದಿಂದ ಮೂಡಲಗಿ, ಕಲ್ಲೋಳಿ, ಆಚೆ ಹುಕ್ಕೇರಿ, ಬೆಲ್ಲದ ಬಾಗೇವಾಡಿ. ಮೊದಲು ಬಸ್ಸಿನಲ್ಲಿ ಗಂಟು ಮಡಿಲಲ್ಲಿಟ್ಟುಕೊಂಡು, ಆಮೇಲೆ ನನ್ನ ಸ್ವಂತ ಸ್ಕೂಟಿಯ ಹಿಂದೆ ಕಟ್ಟಿಕೊಂಡು, ಈ ಊರುಗಳ ಪಡಸಾಲೆಗಳಲ್ಲಿ ನಾನು ಕೂತು ಎದ್ದ ಲೆಕ್ಕವಿಲ್ಲ. ಹೆಂಗಸರು ನನ್ನನ್ನು ಹೆಸರಿನಿಂದ ಕರೆದದ್ದೂ ಇಲ್ಲ. ಎಲ್ಲರಿಗೂ ನಾನು "ಸೀರಿ ಆಪಾ", ಸೀರೆಯ ಅಕ್ಕ.

ಈ ಸೀರಿ ಆಪಾ ಹತ್ತನೆಯ ಇಯತ್ತೆಗೆ ಸಾಲೆ ಬಿಟ್ಟವಳು. ಮದುವೆಯಾದ ಮೇಲೆ ಮನೆಯಲ್ಲೇ ಕೂತು ಓದಿ, ವರ್ಷಕ್ಕೊಮ್ಮೆ ಪರೀಕ್ಷೆ ಬರೆದು ಬಿ.ಎ. ಮುಗಿಸಿದೆ. ಹಾಗೆಯೇ ಸಮಾಜಶಾಸ್ತ್ರದಲ್ಲಿ ಎಂ.ಎ. ಕೂಡ ಆಯಿತು. ಪ್ರವೇಶ ಪರೀಕ್ಷೆ ಪಾಸಾಗಿ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದಾಗ ನನ್ನ ಬ್ಯಾಚಿನ ಹುಡುಗಿಯರಿಗೆ ನನ್ನ ಮಗಳ ವಯಸ್ಸು. ಅವರಿಗೆ ಕಂಪ್ಯೂಟರು ಬರುತ್ತಿತ್ತು, ನನಗೆ ಮನೆಯೊಳಗೆ ಹೋಗುವುದು ಬರುತ್ತಿತ್ತು. ಕಂಪ್ಯೂಟರನ್ನು ನಾನು ಕಲಿತೆ. ಈಗ ಸಮೀಕ್ಷೆಗೆ ಹೊರಡುವ ಮುಂಚೆ ಅವರಲ್ಲಿ ಹಲವರು ಗೋಕಾಕದ ನಮ್ಮ ಮನೆಗೆ ಬಂದು ಕೂರುತ್ತಾರೆ. ನಾನು ಹೇಳುವುದು ಮೊದಲು ಇದನ್ನೇ: ಊಟದ ಪಾತ್ರೆ ತೊಳೆದಾದ ಮೇಲೆ, ಎಮ್ಮೆ ಹಿಂಡುವ ಹೊತ್ತಿನೊಳಗೆ ಹೋಗಿರಿ. ಹೋದ ಕೂಡಲೇ ಹಾಳೆ ತೆಗೆಯಬೇಡಿ, ನೀರು ಕೇಳಿ ಕುಡಿಯಿರಿ. ನೀರು ಕೊಟ್ಟವರು ನಿಮ್ಮನ್ನು ಅರ್ಧ ಮಾತಿಗೆ ಎಬ್ಬಿಸಿ ಕಳಿಸುವುದಿಲ್ಲ.

ನನ್ನ ಸಂಶೋಧನೆಯ ವಿಷಯವೂ ಆ ಪಡಸಾಲೆಗಳಿಂದಲೇ ಹುಟ್ಟಿದ್ದು. ಸೀರೆ ಬಿಚ್ಚಿ ಹರಡಿದಾಗ ಸೊಸೆಯ ಕಣ್ಣು ಒಂದರ ಮೇಲಿರುತ್ತಿತ್ತು, ಅತ್ತೆಯ ಕೈ ಇನ್ನೊಂದನ್ನು ಎತ್ತಿಡುತ್ತಿತ್ತು. ಕೆಲವು ಮನೆಗಳಲ್ಲಿ ಸೊಸೆಯೇ ಎತ್ತಿಡುತ್ತಿದ್ದಳು, ಅತ್ತೆ ನೋಡುತ್ತ ಕೂರುತ್ತಿದ್ದಳು. ಈ ವ್ಯತ್ಯಾಸ ಎಲ್ಲಿಂದ ಬಂತು? ಮನೆಯ ತೀರ್ಮಾನಗಳಲ್ಲಿ ಸೊಸೆಯ ಮಾತಿಗೆ ಎಷ್ಟು ತೂಕವಿದೆ ಎಂಬುದನ್ನು ಅಂಕಿಯಲ್ಲಿ ಅಳೆಯಬೇಕೆಂದು ಹೊರಟೆ. ಮಗಳನ್ನು ಯಾವ ಸಾಲೆಗೆ ಹಾಕುವುದು, ಮೈಗೆ ಆರಾಮಿಲ್ಲದಾಗ ದವಾಖಾನೆಗೆ ಹೋಗುವುದು, ತವರಿಗೆ ಎಷ್ಟು ದಿನ ಹೋಗಿ ಬರುವುದು, ಇಂಥ ಪ್ರಶ್ನೆಗಳು. ಪ್ರತಿಯೊಂದಕ್ಕೂ ಒಂದರಿಂದ ಐದರೊಳಗೆ ಉತ್ತರ. ನನ್ನ ಮಾತು ಯಾರೂ ಕೇಳುವುದೇ ಇಲ್ಲ ಎಂದರೆ ಒಂದು, ಪೂರ್ತಿ ಕೇಳುತ್ತಾರೆ ಎಂದರೆ ಐದು.

ಪ್ರಯೋಗಕ್ಕೆಂದು ಕೆಲವು ಮನೆಗಳಲ್ಲಿ ಕೇಳಿ ಬರೆದುಕೊಂಡು, ಹಾಳೆಗಳನ್ನು ಹಿಡಿದು ನನ್ನ ಮಾರ್ಗದರ್ಶಕಿಯ ಕೋಣೆಗೆ ಹೋದೆ. ಮೇಡಂ ಕಟ್ಟುನಿಟ್ಟಿನ ಹೆಂಗಸು. ಹೊಗಳುವ ಅಭ್ಯಾಸ ಅವರಿಗಿರಲಿಲ್ಲ. ಹಾಳೆ ತಿರುಗಿಸುತ್ತ ತಿರುಗಿಸುತ್ತ ಕನ್ನಡಕ ತೆಗೆದರು.

"ಏನ್ರಿ ಇದು? ಎಲ್ಲಾರೂ ಐದು. ಎಲ್ಲಾ ಪ್ರಶ್ನೆಗೂ ಐದು. ನಿಮ್ಮ ಕಡೆ ಸೊಸೆಂದ್ರ ರಾಜ್ಯ ನಡದೈತೇನು?"

"ಅತ್ತಿ ಬಾಜೂಕ ಕುಂತಿರ್ತಾರ್ರಿ ಮೇಡಂ."

"ಅವರನ್ನ ಹೊರಗ ಕಳಸ್ರಿ."

"ಮನಿ ಅವರದ ರೀ. ನಾ ಅವರನ್ನ ಕಳಸೂದರಾಗ ಅವರ ನನ್ನ ಕಳಸ್ತಾರ."

ಸೊಸೆಯನ್ನು ಒಳಕೋಣೆಗೆ ಕರೆದೊಯ್ದು ಕೇಳುವುದೂ ಆಗುವ ಮಾತಲ್ಲ. ಕೇಳಿ ನಾನು ಎದ್ದು ಬರುತ್ತೇನೆ, ಒಳಗೆ ಏನು ಹೇಳಿದೆ ಎಂಬ ವಿಚಾರಣೆ ಅವಳ ಪಾಲಿಗೆ ಉಳಿಯುತ್ತದೆ. ಇದನ್ನೆಲ್ಲ ಮೇಡಂಗೆ ವಿವರಿಸಿದೆ. ಅವರು ಒಪ್ಪಿದರು, ಆದರೆ ಬಿಡಲಿಲ್ಲ.

"ಏರುಪೇರು ಇಲ್ಲದ್ದು ಅಳತಿ ಅಲ್ರಿ. ಎಲ್ಲಾ ಸಾಮಾನಿಗೂ ಒಂದ ತೂಕ ತೋರಸೂ ತಕ್ಕಡಿ ಕೆಟ್ಟೈತಿ ಅಂತ ನಿಮಗ ನಾ ಹೇಳಬೇಕೇನು? ನಿಮ್ಮ ಮುದ್ದತು ಒಮ್ಮೆ ಹೆಚ್ಚಿಸಿ ಆಗೇದ. ಮುಂದಿನ ಸಮಿತಿಯೊಳಗ ಈ ಅಳತಿ ಸಾಧನ ಒಪ್ಪಿಗಿ ಆಗಲಿಲ್ಲ ಅಂದ್ರ ನೋಂದಣಿ ರದ್ದು. ಬ್ಯಾರೇದವರು ಕೂಡಿಸಿಟ್ಟ ಅಂಕಿ ಅದಾವ, ಅದರ ಮ್ಯಾಲೆ ಬರೀರಿ. ಸುಮ್ಮನ ಪಾರಾಗ್ತೀರಿ."

ಪಾರಾಗುವುದಕ್ಕೆ ನಾನು ಇಷ್ಟು ದೂರ ಬಂದಿರಲಿಲ್ಲ. ಪರರ ಅಂಗಡಿಯ ಸರಕನ್ನು ನನ್ನದೆಂದು ಮಾರಿದವಳೂ ಅಲ್ಲ. "ಸಮಿತಿ ಕೂಡೂತನಕ ಟೈಮ್ ಕೊಡ್ರಿ" ಎಂದು ಎದ್ದು ಬಂದೆ. ಹೇಳುವುದು ಸುಲಭವಾಯಿತು. ಆದರೆ ನೋಂದಣಿ ರದ್ದಾದರೆ ಇನ್ನೊಮ್ಮೆ ಬಾಗಿಲು ತಟ್ಟುವ ವಯಸ್ಸಾಗಲಿ ಅವಕಾಶವಾಗಲಿ ನನಗಿರಲಿಲ್ಲ.

ಉಪಾಯ ಹೊಳೆದದ್ದು ಮೂಡಲಗಿಯ ಸಂತೆಯಲ್ಲಿ. ಸ್ಕೂಟಿಗೆ ಅಡ್ಡವಾಗಿ ಕುರಿಗಳು ದಾಟುತ್ತಿದ್ದವು. ಆಚೆ ಬದಿಯಲ್ಲಿ ಇಬ್ಬರು ಗಂಡಸರು ಒಂದು ಟವೆಲ್ಲಿನ ಕೆಳಗೆ ಕೈ ಹಿಡಿದುಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು. ನನ್ನ ಅಬ್ಬಾ ಇದೇ ಸಂತೆಯಲ್ಲಿ ಕುರಿ ದಲಾಲಿ ಮಾಡುತ್ತಿದ್ದರು. ಮಧ್ಯಾಹ್ನ ಅವರಿಗೆ ಬುತ್ತಿ ಒಯ್ಯುವುದು ನನ್ನ ಕೆಲಸ. ಅವರು ರೊಟ್ಟಿ ತಿನ್ನುವವರೆಗೂ ಅಲ್ಲೇ ಕೂತು ನೋಡುತ್ತಿದ್ದೆ. ಕೊಳ್ಳುವವನ ಕೈಯನ್ನು ಹೆಗಲ ಮೇಲಿನ ಟವೆಲ್ಲಿನಿಂದ ಮುಚ್ಚಿ, ಅದರೊಳಗೆ ಬೆರಳು ಹಿಡಿದು ಬೆಲೆ ಹೇಳುತ್ತಿದ್ದರು. ಒಂದು ಬೆರಳು ಒಂದು, ಎರಡು ಎರಡು, ಇಡೀ ಅಂಗೈ ಐದು. ಬಾಯಲ್ಲಿ ಮಾತ್ರ ಮಳೆಯ ಸುದ್ದಿ, ಬೀಗರ ಸುದ್ದಿ. ಯಾಕೆ ಮುಚ್ಚುತ್ತೀರಿ ಎಂದು ಕೇಳಿದ್ದೆ. "ಬಾಜೂದಾವ ಕೇಳಿದ್ರ ಅವನ ಬಾಯಿ ನಡಬರಕ ಬರತೈತಿ ಬೇಟಿ" ಎಂದು ನನ್ನ ಅಂಗೈಯಲ್ಲೂ ಬೆರಳಿಟ್ಟು ತೋರಿಸಿದ್ದರು. ಹೆಣ್ಣುಮಗಳಿಗೆ ದಲಾಲಿ ವಿದ್ಯೆ ಯಾಕೆ ಎಂದು ಅವರ ಜೊತೆಯವರು ನಕ್ಕಿದ್ದರು.

ಕುರಿಗಳು ದಾಟಿ ಹೋದವು, ನಾನು ಸ್ಕೂಟಿ ಚಾಲೂ ಮಾಡುವುದನ್ನೇ ಮರೆತೆ. ಬಾಜೂ ಕೂತ ಅತ್ತೆ ಎಂದರೆ ಸಂತೆಯಲ್ಲಿ ಬಾಜೂ ನಿಂತ ಗಿರಾಕಿಯೇ. ಅಬ್ಬಾನಿಗೆ ಟವೆಲ್ಲಿತ್ತು, ನನಗೆ ಸೆರಗಿತ್ತು. ನನ್ನ ಪ್ರಶ್ನೆಗಳಿಗೆ ಐದು ಅಂಕ, ಅಲ್ಲಾಹನು ಕೊಟ್ಟ ಕೈಗೆ ಐದು ಬೆರಳು.

ಬೆಲ್ಲದ ಬಾಗೇವಾಡಿಯಲ್ಲಿ ಶುರು ಮಾಡಿದೆ. ಮೊದಲ ಮನೆ ನನ್ನ ಹಳೆಯ ಗಿರಾಕಿಗಳದು. ಅತ್ತೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಸೊಸೆ ನೀರು ತಂದುಕೊಟ್ಟು ಎದುರಿಗೆ ಕೂತಳು. ನಾನು ಸಂಗತಿಯನ್ನು ಇಬ್ಬರಿಗೂ ಬಿಡಿಸಿ ಹೇಳಿದೆ: ಇದು ನನ್ನ ಓದಿನ ಕೆಲಸ, ಪ್ರಶ್ನೆಯನ್ನು ಎಲ್ಲರೆದುರು ಕೇಳುತ್ತೇನೆ, ಉತ್ತರ ಮಾತ್ರ ಸೆರಗಿನ ಕೆಳಗೆ, ಮನಸ್ಸಿಲ್ಲದಿದ್ದರೆ ಬಿಡಬಹುದು. ಸೊಸೆ ಹೂಂ ಎಂದಳು. ಅವಳ ಕೈ ಹಿಡಿದು ಸೆರಗು ಹೊದಿಸಿದೆ.

ಅತ್ತೆ ಕೇರುವುದನ್ನು ನಿಲ್ಲಿಸಿದರು. "ಏನ್ರಿ ಆಪಾ, ನನ್ನ ಸೊಸಿಗೆ ಬೆಲಿ ಕಟ್ಟಾಕತ್ತೀರೇನು?"

"ಕೊಡ್ತೀರೇನ್ರಿ ಮತ್ತ?"

"ಒಯ್ರಿ, ಒಯ್ರಿ. ಆದ್ರ ನಿಮ್ಮ ಸೀರಿ ಗತೆ, ಬಣ್ಣಾ ಹೋತಂತ ತಿರುಗಿ ತಂದ್ರ ಇಟ್ಕೊಳ್ಳಾಂಗಿಲ್ಲ."

"ನನ್ನ ಸೀರಿ ಬಣ್ಣಾ ಯಾವಾಗ ಹೋಗೇತ್ರಿ?"

"ಆ ಹಸರ ಸೀರಿ?"

"ಅದನ್ನ ನೀವು ಬಿಸಿನೀರಾಗ ಕುದಿಸಿದ್ರಿ!"

ಈ ಜಗಳ ಮೇಲೆ ನಡೆಯುತ್ತಿದ್ದಂತೆ ಕೆಳಗೆ ಸೊಸೆಯ ಬೆರಳುಗಳು ನಾನು ನಡುನಡುವೆ ಕೇಳಿದ ಒಂದೊಂದು ಪ್ರಶ್ನೆಗೆ ಒಂದೊಂದು ಉತ್ತರ ಹೇಳುತ್ತಿದ್ದವು. ಅವಳ ಮುಖದಲ್ಲಿ ಏನೂ ಇರಲಿಲ್ಲ. ಅಬ್ಬಾ ಕಂಡಿದ್ದರೆ ಮೆಚ್ಚುತ್ತಿದ್ದರು. ನಾನು ಅಲ್ಲಿ ಹಾಳೆ ತೆಗೆಯಲಿಲ್ಲ. ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡು, ಓಣಿ ತಿರುಗಿದ ಮೇಲೆ ಸ್ಕೂಟಿಯ ಸೀಟಿನ ಮೇಲೆ ಬರೆದುಕೊಂಡೆ. ಏಳುವಾಗ ಅತ್ತೆಯೂ ಮೊರ ಬದಿಗಿಟ್ಟು ಕೈ ಚಾಚಿದರು. "ನನ್ನೂ ಕೇಳ್ರಿ. ನಾನೂ ಒಂದ ಕಾಲಕ್ಕ ಸೊಸಿ ಇದ್ನಿ." ಅವರ ಕೈಯನ್ನೂ ಸೆರಗಿನ ಕೆಳಗೆ ಹಿಡಿದೆ. ಎಷ್ಟು ಬೆರಳು ಕೊಟ್ಟರು ಎಂದು ನಾನು ಅಂದೂ ಯಾರಿಗೂ ಹೇಳಲಿಲ್ಲ, ಇಲ್ಲೂ ಬರೆಯುವುದಿಲ್ಲ. ಸೆರಗಿನ ಕೆಳಗಿನದು ಒಟ್ಟು ಲೆಕ್ಕದಲ್ಲಿ ಸೇರಬಹುದು, ಒಬ್ಬರ ಹೆಸರಿನಲ್ಲಿ ಹೊರಗೆ ಬರಬಾರದು. ಅದು ನನ್ನ ನಿಯಮ.

ಊರು ಮುಗಿಸಿ ಹಾಳೆ ಒಟ್ಟು ಮಾಡಿದಾಗ ಐದರ ಸಾಲು ಒಡೆದಿತ್ತು. ಒಂದೂ ಇತ್ತು, ಮೂರೂ ಇತ್ತು, ನಾಲ್ಕೂ ಇತ್ತು. ತಕ್ಕಡಿ ಆಡತೊಡಗಿತ್ತು. ನಾನು ಬೆನ್ನು ತಟ್ಟಿಸಿಕೊಳ್ಳಲು ಮೇಡಂ ಹತ್ತಿರ ಓಡಿದೆ. ಅವರು ಕೈ ಹಿಡಿಯುವ ಸಂಗತಿಯನ್ನು ಎರಡು ಸಲ ಕೇಳಿಸಿಕೊಂಡರು, ತುಟಿ ತುದಿಯಲ್ಲಿ ನಕ್ಕರು, ಆಮೇಲೆ ಹೇಳಿದರು: "ಛಲೋ ಐತಿ. ಈಗ ಹದಿನೈದು ದಿನ ಬಿಟ್ಟು ಅದ ಮನಿಗೆ ಹೋಗ್ರಿ. ಅದ ಪ್ರಶ್ನೆ ಕೇಳ್ರಿ. ಉತ್ತರ ಅದ ಬಂದ್ರ ನಂಬೋಣು."

ಹೋದೆ. ಉತ್ತರ ಅದೇ ಬರಲಿಲ್ಲ. ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಬೆರಳು ಏರಿದ್ದವು. ಅಲ್ಲೊಂದು ಇಲ್ಲೊಂದು ಬದಲಾದರೆ ಮನಸ್ಸು ಬದಲಾಯಿತೆನ್ನಬಹುದು. ಇಡೀ ಊರಿನ ಸೊಸೆಯರ ಮಾತಿಗೆ ಎರಡು ವಾರದಲ್ಲಿ ತೂಕ ಹೆಚ್ಚಿತೆಂದರೆ ಯಾರು ನಂಬುತ್ತಾರೆ? ಸಮಿತಿಗೆ ಇದನ್ನು ಒಯ್ದರೆ ಮೊದಲ ಹಾಳೆಯಲ್ಲೇ ನನ್ನ ಕಥೆ ಮುಗಿಯುತ್ತಿತ್ತು. ಆ ಸಂಜೆ ಹಿಂದಿರುಗುವ ಮುಂಚೆ ಮತ್ತೆ ಮೊದಲ ಮನೆಯ ಮುಂದೆ ಸ್ಕೂಟಿ ನಿಲ್ಲಿಸಿದೆ. ಸೊಸೆ ಅಂಗಳದ ನಲ್ಲಿಯಲ್ಲಿ ಕೊಡ ತುಂಬುತ್ತಿದ್ದಳು. ಅತ್ತೆ ಹಿತ್ತಲಲ್ಲಿ ಎಮ್ಮೆಯ ಹತ್ತಿರ ಇದ್ದರು.

"ತಂಗಿ, ಹೋದ ಸಲಕ್ಕೂ ಈ ಸಲಕ್ಕೂ ನಿನ್ನ ಬೆರಳು ಯಾಕ ಬ್ಯಾರೆ ಆದವು? ಮನ್ಯಾಗ ಏನರ ಆತೇನು?"

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದಳು. "ಏನೂ ಆಗಿಲ್ರಿ ಆಪಾ. ಹೋದ ಸಲ ನೀವ ಏರಸಲಿಲ್ಲಲ್ರಿ!"

"ನಾ ಏರಸಬೇಕಾಗಿತ್ತಾ?"

"ಮತ್ತ? ನಾ ಕಡಿಮಿ ಹಿಡದೆ, ನೀವು 'ಅಷ್ಟ ಏನು, ಖರೆ ಹೇಳು' ಅಂತೀರಿ, ಆಮ್ಯಾಲೆ ಏರಸೂಣು ಅಂದ್ಕೊಂಡೆ. ನೀವು ಹಂಗ ಒಪ್ಪಿಬಿಟ್ರಿ. ನೀವು ಒಂದ ಮಾತಿಗೆ ಒಪ್ಪಿದ್ದ ಈ ಓಣ್ಯಾಗ ಯಾರ್ ನೋಡ್ಯಾರ್ರಿ? ನೀವು ಹೋದ ಮ್ಯಾಲೆ ನಾವೆಲ್ಲಾ ಮಾತಾಡ್ಕೊಂಡ್ವಿ, ಆಪಾಗ ಆರಾಮಿಲ್ಲೋ ಏನೋ ಅಂತ."

"ಅದಕ್ಕ ಈ ಸಲ?"

"ಈ ಸಲ ಜಗ್ಗಾಟ ಇಲ್ಲಂತ ಗೊತ್ತಾತಲ್ಲ, ಇದ್ದದ್ದ ಹೇಳಿದ್ವಿ."

ನಾನು ಸ್ಕೂಟಿಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಗು ಕೇಳಿ ಹಿತ್ತಲಿನಿಂದ ಅತ್ತೆ ಕೂಗಿದರು, "ಏನಾತ್ರಿ, ಯಾಪಾರ ಕುದರಿತೇನು?" ವರ್ಷಗಟ್ಟಲೆ ನಾನೇ ಈ ಊರುಗಳಿಗೆ ಕಲಿಸಿದ ಪಾಠ ಅದು: ಸೀರಿ ಆಪಾ ಸಂಖ್ಯೆ ಕೇಳಿದರೆ ಮೊದಲು ಹೇಳುವುದು ಮಾತು ಶುರು ಮಾಡಲಿಕ್ಕೆ, ಖರೆಯದು ಕೊನೆಗೆ. ಬೇರೆ ಯಾರಾದರೂ ಸೆರಗು ಹೊದಿಸಿ ಕೇಳಿದ್ದರೆ ಈ ತಪ್ಪು ನಡೆಯುತ್ತಲೇ ಇರಲಿಲ್ಲ. ಆದರೆ ಬೇರೆಯವರಿಗೆ ಅವರು ಕೈ ಕೊಡುತ್ತಲೂ ಇರಲಿಲ್ಲ.

ಮೇಡಂಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಜಗ್ಗಾಟ ಅವರಿಗೆ ಬೇಕು ಅಂದ್ರ ಜಗ್ಗೂಣ್ರಿ. ಕೊನೀಗೆ ನಿಂತದ್ದನ್ನ ಬರಕೊಳ್ಳೂಣು" ಎಂದೆ.

ಅವರು ತಲೆ ಅಲ್ಲಾಡಿಸಿದರು. "ನೀವು ಏರಿಸು ಅಂತ ಒತ್ತಿದ್ರ ಅವರು ಏರಸ್ತಾರ. ಅದು ಅವರ ಉತ್ತರ ಅಲ್ಲ, ನಿಮ್ಮದು."

ಸರಿಯಾದ ಮಾತು. ಅದಕ್ಕೆ ಉತ್ತರ ಹುಡುಕುತ್ತ ಎಷ್ಟೋ ದಿನ ಕಳೆದೆ. ಸಿಕ್ಕಿದ್ದು ಮತ್ತೆ ವ್ಯಾಪಾರದಲ್ಲೇ. ಮಾರುವವಳು ಮೇಲಕ್ಕೆ ಎಳೆಯುತ್ತಾಳೆ, ಕೊಳ್ಳುವವಳು ಕೆಳಕ್ಕೆ. ಎರಡೂ ಕಡೆಯ ಎಳೆತಕ್ಕೆ ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಗಂಟು ಕಟ್ಟುತ್ತೇವೆ. ಹಾಗಾದರೆ ನಾನು ಪ್ರತಿ ಉತ್ತರಕ್ಕೂ ಎರಡು ಸಲ ಎಳೆಯಬೇಕು. ಒಂದು ಬೆರಳು ಸೇರಿಸಿ, "ಇಷ್ಟ ಇರಬೇಕಲ್ಲ?" ಎಂದೊಮ್ಮೆ. ಒಂದು ಬೆರಳು ಮಡಿಸಿ, "ಇಷ್ಟ ಏನೋ?" ಎಂದೊಮ್ಮೆ. ಎಲ್ಲರಿಗೂ ಅದೇ ಮಾತು, ಅಷ್ಟೇ ಒತ್ತು. ಎರಡಕ್ಕೂ ಅಲುಗದೆ ನಿಂತದ್ದು ಉತ್ತರ.

ಇದನ್ನು ಹೇಳಿದಾಗ ಮೇಡಂ ನನ್ನ ಹಾಳೆಯ ನಡುವೆ ಒಂದು ಗೆರೆ ಎಳೆದರು. "ಮದ್ಲ ಯಾವ ಕಡೆ ಜಗ್ಗತೀರಿ ಅನ್ನೂದೂ ಲೆಕ್ಕಕ್ಕ ಬರತದ. ಅರ್ಧ ಮನಿಯೊಳಗ ಮದ್ಲ ಮ್ಯಾಲೆ, ಅರ್ಧ ಮನಿಯೊಳಗ ಮದ್ಲ ಕೆಳಗ. ಯಾವ ಮನಿಗೆ ಯಾವುದು ಅಂತ ನೀವು ಆರಿಸಬ್ಯಾಡ್ರಿ, ಚೀಟಿ ಎತ್ರಿ." ಇಂಥ ಬುದ್ಧಿ ನನಗೆ ಹೊಳೆಯುತ್ತಿರಲಿಲ್ಲ. ನಾನು ಆರಿಸಿದ್ದರೆ ನನ್ನ ಮೆಚ್ಚಿನ ಮನೆಗಳಲ್ಲಿ ಮೊದಲು ಮೇಲಕ್ಕೇ ಎಳೆಯುತ್ತಿದ್ದೆ.

ಬೆಲ್ಲದ ಬಾಗೇವಾಡಿಯವರು ಈಗಾಗಲೇ ಗುಟ್ಟು ತಿಳಿದವರು, ಅಲ್ಲಿಗೆ ಮತ್ತೆ ಹೋಗುವಂತಿರಲಿಲ್ಲ. ಕಲ್ಲೋಳಿಗೆ ಹೋದೆ. ಬೆಳಿಗ್ಗೆ ಮನೆಯಲ್ಲಿ ಚೀಟಿ ಎತ್ತಿಕೊಂಡು ಹೊರಟು, ಮಧ್ಯಾಹ್ನ ಪಡಸಾಲೆಗಳಲ್ಲಿ ಸೆರಗು ಹೊದಿಸಿ ಕೂತೆ. ಹೆಂಗಸರಿಗೆ ಅದೆಷ್ಟು ಹಿಡಿಸಿತೆಂದರೆ ಕೆಲವರು ನನ್ನ ಬೆರಳನ್ನು ಕೊಡವಿ ಹಾಕಿ ತಮ್ಮದನ್ನು ಗಟ್ಟಿಯಾಗಿ ಒತ್ತಿ ಹೇಳುತ್ತಿದ್ದರು. ಒಬ್ಬಾಕೆಗಂತೂ ಕೈಯ ಮಾತು ಬಾಯಿಗೇ ಬಂದು, "ಆಪಾ, ಜಗ್ಗಬ್ಯಾಡ್ರಿ, ಇನ್ನ ಬಿಡಾಂಗಿಲ್ಲ!" ಎಂದು ಅತ್ತೆಯ ಮುಂದೆಯೇ ಅಂದುಬಿಟ್ಟಳು. ಅತ್ತೆ ಕಕ್ಕಾಬಿಕ್ಕಿ. ನಾನು ತಕ್ಷಣ ಗಂಟಿನಿಂದ ಒಂದು ಸೀರೆ ಎಳೆದು, "ಈ ಸೀರಿಗೆ ಇಷ್ಟ ರೊಕ್ಕ ಅಂತಾಳ್ ನೋಡ್ರಿ ನಿಮ್ಮ ಸೊಸಿ" ಎಂದು ಮಾತು ತಿರುಗಿಸಿದೆ. ಸಮೀಕ್ಷೆಗೆ ಹೋಗುವಾಗಲೂ ಗಂಟು ಯಾಕೆ ಎಂದು ಕೇಳುವ ಹುಡುಗಿಯರಿಗೆ ಈ ಪ್ರಸಂಗ ಹೇಳುತ್ತೇನೆ.

ಹದಿನೈದು ದಿನದ ನಂತರ ಕಲ್ಲೋಳಿಗೆ ಎರಡನೆಯ ಸುತ್ತು. ಅಂಕಿಗಳನ್ನು ಕಂಪ್ಯೂಟರಿಗೆ ನಾನೇ ತುಂಬಿದೆ. ಎರಡು ಸುತ್ತುಗಳ ಮೊದಲ ಬೆರಳುಗಳು ಅತ್ತಿತ್ತ ಚದುರಿದ್ದವು. ಎಳೆದ ಮೇಲೆ ನಿಂತ ಬೆರಳುಗಳು ಮಾತ್ರ ಬಹುಪಾಲು ಒಂದರ ಪಕ್ಕ ಒಂದು ಕೂತಿದ್ದವು. ಪರದೆಯ ಮೇಲೆ ಆ ಚುಕ್ಕೆಗಳು ಓರೆಗೆರೆಗೆ ಅಂಟಿಕೊಂಡು ಸಾಲಾಗಿ ನಿಂತದ್ದನ್ನು ನೋಡಿದಾಗ ಆದ ಹೆಮ್ಮೆ, ಮೊದಲ ಸ್ಕೂಟಿ ಕೊಂಡ ದಿನವೂ ಆಗಿರಲಿಲ್ಲ.

"ಸಮಿತಿಯವರು ಇನ್ನೊಂದು ಕೇಳ್ತಾರ," ಎಂದರು ಮೇಡಂ. "ಇದು ನಿಮ್ಮ ಕೈಯಾಗ ಅಷ್ಟ ನಡೀತದೋ, ಬ್ಯಾರೆಯವರ ಕೈಯಾಗೂ ನಡೀತದೋ?"

ಬೇರೆಯವರೆಂದರೆ ಹುಕ್ಕೇರಿಯಲ್ಲಿರುವ, ಅಲ್ಲಿನ ಹೆಂಗಸರು ಕೈ ಕೊಡುವಷ್ಟು ಪರಿಚಯವಿರುವ ನನ್ನ ನಾದಿನಿ. ಒಳ್ಳೆಯವಳು, ಆದರೆ ಸಂತೆಯಲ್ಲಿ ಹೇಳಿದ ಬೆಲೆಯನ್ನು ಕೊಟ್ಟು, ಮೇಲೆ ಚೀಲ ಹಿಡಿದುಕೊಟ್ಟವನಿಗೆ ಕೈ ಮುಗಿದು ಬರುವ ಹೆಂಗಸು. ಅವಳಿಗೆ ಎಳೆಯುವುದನ್ನು ಕಲಿಸುವುದರಲ್ಲಿ ನನ್ನ ಜೀವ ಬಾಯಿಗೆ ಬಂತು. ನನ್ನದೇ ಕೈ ಹಿಡಿಸಿ ಅಭ್ಯಾಸ ಮಾಡಿಸುತ್ತಿದ್ದೆ.

"ಭಾಬಿ, ಅವರು ಮೂರು ಅಂದ ಮ್ಯಾಲೆ ಮತ್ತ ನಾ ಯಾಕ ನಾಲ್ಕು ಅನ್ನಲಿ? ಅವರಿಗೆ ಸಿಟ್ಟು ಬರೂದಿಲ್ಲೇನು?"

"ಬರಲಿ. ಬಂದ್ರ ಮೂರ ಖರೆ ಅಂತ ತಿಳೀತೈತಿ."

ಸಿಟ್ಟು ಯಾರಿಗೂ ಬರಲಿಲ್ಲ. ಹುಕ್ಕೇರಿಯ ಅದೇ ಮನೆಗಳಿಗೆ ಒಮ್ಮೆ ಅವಳು ಹೋದಳು, ಇನ್ನೊಮ್ಮೆ ನಾನು ಹೋದೆ. ಯಾರು ಮೊದಲು ಎಂಬುದಕ್ಕೂ ಚೀಟಿ. ಅವಳು ಬರೆದು ತಂದ ಅಂಕಿಗಳನ್ನು ನನ್ನ ಅಂಕಿಗಳ ಪಕ್ಕ ಇಟ್ಟಾಗ ಹೆಚ್ಚಿನವು ಹೊಂದಿಕೊಂಡವು. ಹೊಂದದವನ್ನು ಮುಚ್ಚಿಡದೆ ಹಾಗೇ ಬರೆದೆ. ಸರಕಿನ ಹರಿದ ಅಂಚನ್ನು ನಾವೇ ಮೊದಲು ತೋರಿಸಿದರೆ ಉಳಿದ ಸೀರೆಯನ್ನು ಗಿರಾಕಿ ನಂಬುತ್ತಾಳೆ.

ಸಮಿತಿಯ ದಿನ ಬಂತು. ಮೇಜಿನ ಆಚೆ ಹಿರಿಯ ಪ್ರಾಧ್ಯಾಪಕರು. ನಾನು ಬೆಲ್ಲದ ಬಾಗೇವಾಡಿಯ ಎಡವಟ್ಟಿನಿಂದಲೇ ಶುರು ಮಾಡಿ ಎಲ್ಲವನ್ನೂ ಹೇಳಿದೆ. ಉಳಿದವರೆಲ್ಲ ನಕ್ಕರು, ಒಬ್ಬರು ಮಾತ್ರ ನಗಲಿಲ್ಲ. ಮೇಡಂ ಹೇಳಿದ್ದ ಪ್ರಶ್ನೆಯನ್ನೇ ಕೇಳಿದರು, "ನಿಮ್ಮ ಜಾಗದಲ್ಲಿ ಬೇರೆಯವರು ಕೈ ಹಿಡಿದರೆ?" ನಾನು ಹುಕ್ಕೇರಿಯ ಹಾಳೆಗಳನ್ನು ಮುಂದಿಟ್ಟೆ. ಅವರು ಹೊಂದದ ಅಂಕಿಗಳನ್ನು ಹುಡುಕಿ ತೆಗೆದು ಒಂದೊಂದಕ್ಕೂ ಕಾರಣ ಕೇಳಿದರು. ಗೊತ್ತಿದ್ದಕ್ಕೆ ಹೇಳಿದೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೆ. ನನ್ನನ್ನು ಹೊರಗೆ ಕಳಿಸಿ ಮತ್ತೆ ಕರೆದಾಗ, ಸಾಧನವನ್ನು ಒಪ್ಪಿದ್ದೇವೆ, ಮುಖ್ಯ ಸಮೀಕ್ಷೆ ಶುರು ಮಾಡಿ ಎಂದವರು ಅವರೇ.

ಹೊರಗೆ ವರಾಂಡದಲ್ಲಿ ಮೇಡಂ ನನ್ನ ಪಕ್ಕ ನಡೆದು ಬಂದರು. ಕಂಬದ ಹತ್ತಿರ ನಿಂತು, ಅತ್ತಿತ್ತ ನೋಡಿ, ತಮ್ಮ ಸೆರಗಿನ ತುದಿ ಹಿಡಿದು ಕೈ ಚಾಚಿದರು.

"ಹಿಡೀರಿ. ನಿಮ್ಮ ಕೆಲಸಕ್ಕ ನನ್ನ ಉತ್ತರ."

ಹಿಡಿದೆ. ಅವರ ಬೆರಳುಗಳು ನನ್ನ ಅಂಗೈಯಲ್ಲಿ ಕೂತವು. ನಿಯಮದಂತೆ ಒಂದು ಬೆರಳು ಸೇರಿಸಿ, "ಇಷ್ಟ ಇರಬೇಕಲ್ರಿ ಮೇಡಂ?" ಎಂದು ಮೇಲಕ್ಕೆ ಎಳೆದೆ. ಅಲುಗಲಿಲ್ಲ. ಒಂದು ಬೆರಳು ಮಡಿಸಿ, "ಇಷ್ಟ ಏನೋ?" ಎಂದು ಕೆಳಕ್ಕೆ ಎಳೆದೆ. ಅವರು ನನ್ನ ಬೆರಳನ್ನು ಕೊಡವಿ ಹಾಕಿ, ಕಲ್ಲೋಳಿಯ ಹೆಂಗಸರ ಹಾಗೆಯೇ, ತಮ್ಮದನ್ನು ಗಟ್ಟಿಯಾಗಿ ಒತ್ತಿದರು.

ಎಷ್ಟು ಬೆರಳು ಎಂದು ನನ್ನ ಮನೆಯವರು ಕೇಳಿದರು, ನಾದಿನಿ ಕೇಳಿದಳು, ಈಗ ಮನೆಗೆ ಬರುವ ಹುಡುಗಿಯರೂ ಕೇಳುತ್ತಾರೆ. ನನ್ನ ನಿಯಮ ಮೇಡಂಗೂ ಸಲ್ಲುತ್ತದೆ, ಹೇಳುವುದಿಲ್ಲ. ಆ ದಿನ ಗೋಕಾಕದ ಬಸ್ಸಿನಲ್ಲಿ ಕಂಡಕ್ಟರು ಟಿಕೀಟು ಕೇಳಲು ಬಂದಾಗಲೂ ನಾನು ಮೇಡಂ ಬೆರಳೊತ್ತಿದ್ದ ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆಯದೆ ಎಡಗೈಯಲ್ಲೇ ಚೀಲ ತಡಕಾಡುತ್ತಿದ್ದೆ.